ಬುಡಾದಲ್ಲಿ ರೂಮು, ಪೆಷ್ಟ್‌ನಲ್ಲಿ ಊಟ

ಹಂಗೇರಿಯ ಬುಡಾಪೆಸ್ಟ್‌ಗೆ ಹೋಗ್ತೀವಿ ಅಂದಾಗ ಮೊದಲೇ ಹೋಗಿ ಬಂದಿದ್ದೋರೆಲ್ಲ ಹೇಳಿದ್ದು ಒಂದೇ ಮಾತು, ರೂಮು ಪೆಸ್ಟ್ ಕಡೆ ಮಾಡಿ, ಹೋಟ್ಲು ಅಂಗಡಿ ಗಲಾಟೆ ಎಲ್ಲಾ ಅಲ್ಲೇ ಇರೋದು, ಬುಡಾ ಕಡೆ ಕತ್ತಲಾಗ್ತಿದ್ದ ಹಾಗೆ ಊರು ಮಲಗಿಬಿಡುತ್ತೆ ಅಂತ. ನಾವು ಮಾಡಿದ್ದು ಬುಡಾ ಕಡೆ. ಬೇಕು ಅಂತ ಮಾಡಿದ್ದಲ್ಲ, ಅಕ್ಕ ಬುಕ್ ಮಾಡುವಾಗ ಮ್ಯಾಪಲ್ಲಿ ಪಾರ್ಲಿಮೆಂಟ್ ಪಕ್ಕದಲ್ಲೇ ಕಾಣ್ತಿದೆ ಕಣೇ ಅಂತ ಒತ್ತಿಬಿಟ್ಳು, ಮಧ್ಯ ಡ್ಯಾನ್ಯೂಬ್ ನದಿ ಹರೀತಿದೆ ಅನ್ನೋದು ಅವಳ ಕಣ್ಣಿಗೆ ಬೀಳ್ಲಿಲ್ಲ. ಹಾಗಾಗಿ ನಾಲ್ಕು ದಿನ ಕಾಫಿಗೂ ನದಿ ದಾಟು, ಊಟಕ್ಕೂ ನದಿ ದಾಟು. ಈಗ ಯಾರಾದ್ರೂ ಕೇಳಿದ್ರೆ ನಾನಂತೂ ಬುಡಾ ಕಡೆನೇ ಮಾಡಿ ಅಂತೀನಿ.

ಮೊದಲು ಹೆಸರಿನ ವಿಷ್ಯ. ಹಂಗೇರಿಯನ್‌ನಲ್ಲಿ ಎಸ್ ಅಕ್ಷರಕ್ಕೆ ಶ ಅನ್ನೋ ಉಚ್ಚಾರ, ಆದ್ದರಿಂದ ಅಲ್ಲಿನವರ ಬಾಯಲ್ಲಿ ಅದು ಪೆಷ್ಟ್. ಇನ್ನೊಂದು ಮಜಾ ಏನಂದ್ರೆ ಅವರ ಭಾಷೆನೂ ನಮ್ಮ ಥರ ಪ್ರತ್ಯಯ ಅಂಟಿಸ್ಕೊಂಡು ಹೋಗೋದು, ಹಾಜ್ ಅಂದ್ರೆ ಮನೆ, ಹಾಜ್‌ಬನ್ ಅಂದ್ರೆ ಮನೆಯಲ್ಲಿ. ಇಷ್ಟು ಗೊತ್ತಾಗಿದ್ದೇ ತಡ ನನಗೆ ಭಾಷೆ ಬಂದೇ ಬಿಡ್ತು ಅನ್ನಿಸಿತ್ತು, ಬೋರ್ಡ್ ಓದೋಕೆ ಹೋದಾಗ ಗೊತ್ತಾಯ್ತು ಯೋಗ್ಯತೆ.

ಬುಡಾ ಬೆಟ್ಟ, ಪೆಷ್ಟ್ ಪೂರ್ತಿ ಸಪಾಟು. 1873ರ ತನಕ ಇವೆರಡೂ ಬೇರೆಬೇರೆ ಊರು, ಆ ವರ್ಷ ಬುಡಾ, ಓಬುಡಾ, ಪೆಷ್ಟ್ ಮೂರನ್ನೂ ಸೇರಿಸಿ ಒಂದು ಮಾಡಿದ್ರು. ನಮ್ಮ ರೂಮು ಬತ್ಯಾನಿ ಚೌಕದ ಹತ್ರ, ಎರಡು ನಿಮಿಷ ನಡೆದು ದಡಕ್ಕೆ ಬಂದ್ರೆ ಎದುರಿಗೇ ಪಾರ್ಲಿಮೆಂಟ್. 268 ಮೀಟರ್ ಉದ್ದ, 691 ಕೋಣೆ. ಅದನ್ನ ಡಿಸೈನ್ ಮಾಡಿದ ಇಮ್ರೆ ಸ್ಟೈಂಡ್ಲ್ 1902ರಲ್ಲೇ ತೀರ್ಕೊಂಡ್ರು, ಕಟ್ಟಡ ಮುಗಿದಿದ್ದು 1904ಕ್ಕೆ. ಪೆಷ್ಟ್ ಕಡೆ ಹೋಗಿ ಹತ್ರದಿಂದ ನೋಡಿದ್ರೆ ಕತ್ತೆತ್ತಿ ಕತ್ತೆತ್ತಿ ಸುಸ್ತಾಗುತ್ತೆ, ಪೂರ್ತಿ ಕಣ್ಣಿಗೆ ಸಿಗೋದೇ ಇಲ್ಲ. ಅದನ್ನ ನೋಡ್ಬೇಕಾಗಿರೋದು ಆಚೆ ದಡದಿಂದ. ಬುಡಾ ಬೆಟ್ಟದ ಮೇಲಿರೋ ಕೋಟೆ ಅರಮನೆನೂ ಅಷ್ಟೇ, ಪೆಷ್ಟ್ ಕಡೆಯಿಂದ ಚೆಂದ. ಈ ಊರಲ್ಲಿ ನೀವು ಎಲ್ಲಿ ನಿಂತಿರ್ತೀರೋ ಅದು ಬಿಟ್ಟು ಇನ್ನೊಂದು ಕಡೆ ಚೆನ್ನಾಗಿ ಕಾಣುತ್ತೆ.

ಮೀನುಗಾರರ ಕೊತ್ತಲ ಅಂತ ಬೆಟ್ಟದ ಮೇಲಿದೆ, ಫಿಷರ್ಮನ್ಸ್ ಬಾಸ್ಟಿಯನ್, ಏಳು ಗೋಪುರ, ಮಗ್ಯಾರ್ ಅಂದ್ರೆ ಹಂಗೇರಿಯೋರ ಪೂರ್ವಜರ ಏಳು ಬುಡಕಟ್ಟಿನ ನಾಯಕರ ಲೆಕ್ಕದಲ್ಲಿ. ನೋಡಿದ್ರೆ ಸಾವಿರ ವರ್ಷ ಹಳೇದು ಅನ್ಸುತ್ತೆ, ಕಟ್ಟಿ ಮುಗಿಸಿದ್ದು 1902ರಲ್ಲಿ. ಮೇಲಿನ ಗೋಪುರಕ್ಕೆ ಟಿಕೆಟ್ ತಗೊಂಡ್ವಿ, ತಗೋಬಾರ್ದಿತ್ತು, ಕೆಳಗೆ ಫ್ರೀಯಾಗಿ ನಿಲ್ಲೋ ಜಾಗದಿಂದ್ಲೂ ಅದೇ ನೋಟ.

ಆದ್ರೆ ನಾನು ಬರೀಬೇಕು ಅಂತ ಕೂತಿದ್ದು ಚೈನ್ ಬ್ರಿಡ್ಜ್ ಬಗ್ಗೆ. 1820ರಲ್ಲಿ ಇಶ್ಟ್ವಾನ್ ಸೇಚೆನ್ಯಿ ಅನ್ನೋ ಕೌಂಟ್, ಅಪ್ಪ ತೀರ್ಕೊಂಡ್ರು ಅಂತ ಸುದ್ದಿ ಬಂದು ಹೊರಟ್ರೆ ಚಳಿಗಾಲದ ನದಿ ದಾಟೋಕಾಗದೆ ದಡದಲ್ಲೇ ವಾರದಷ್ಟು ಕಾಯಬೇಕಾಯ್ತಂತೆ. ಆಗ ಇದ್ದಿದ್ದು ದೋಣಿಗಳನ್ನ ಸಾಲಾಗಿ ಕಟ್ಟಿದ ಸೇತುವೆ, ಚಳಿಗಾಲದಲ್ಲಿ ಮಂಜುಗಡ್ಡೆ ಬರುತ್ತೆ ಅಂತ ಅದನ್ನೂ ಬಿಚ್ಚಿಡ್ತಿದ್ರು. ಆಮೇಲೆ ಆತ ಪಟ್ಟು ಹಿಡಿದು ಸೇತುವೆ ಕಟ್ಟಿಸಿದ್ದು. ಡಿಸೈನ್ ಮಾಡಿದ್ದು ಇಂಗ್ಲೆಂಡಿನ ವಿಲಿಯಂ ಕ್ಲಾರ್ಕ್, ನಿಂತು ಕಟ್ಟಿಸಿದ್ದು ಸ್ಕಾಟ್ಲೆಂಡಿನ ಆಡಂ ಕ್ಲಾರ್ಕ್, ಇಬ್ರೂ ಕ್ಲಾರ್ಕೇ ಆದ್ರೂ ನೆಂಟರಲ್ಲ. ಓಪನ್ ಆಗಿದ್ದು 1849ರಲ್ಲಿ. ನನಗೆ ಸಕ್ಕತ್ ಇಷ್ಟ ಆಗಿದ್ದು ಏನಂದ್ರೆ, ಅಲ್ಲಿ ತನಕ ತೆರಿಗೆ ಅಂದ್ರೇನು ಅಂತಾನೇ ಗೊತ್ತಿಲ್ಲದ ಶ್ರೀಮಂತ ಮನೆತನದೋರೂ ಈ ಸೇತುವೆ ದಾಟೋಕೆ ಸುಂಕ ಕೊಡ್ಲೇಬೇಕಿತ್ತು. ನದಿ ದಾಟಿಸೋದಕ್ಕಿಂತ ಅವರ ಜೇಬಿಗೆ ಕೈ ಹಾಕಿಸಿದ್ದೇ ದೊಡ್ಡ ಕೆಲ್ಸ ಅನ್ಸುತ್ತೆ ನನಗೆ.

ಆಡಂ ಕ್ಲಾರ್ಕ್ ವಾಪಸ್ ಹೋಗ್ಲೇ ಇಲ್ಲ, ಅಲ್ಲೇ ಮದುವೆ ಆಗಿ ಅಲ್ಲೇ ಉಳಿದ. ಬುಡಾ ಕಡೆ ಸೇತುವೆ ಮುಗಿಯೋ ಜಾಗದಲ್ಲಿ ಬೆಟ್ಟ ಕೊರೆದು ಒಂದು ಸುರಂಗ ಇದೆ, ಅದೂ ಅವನದ್ದೇ ಕೆಲ್ಸ. ಮಳೆ ಬಂದ್ರೆ ಸೇತುವೆ ನೆನೀಬಾರ್ದು ಅಂತ ಒಳಗೆ ಎಳ್ಕೊಂಡು ಇಡೋಕೆ ಈ ಸುರಂಗ ಅಂತ ಅಲ್ಲಿನವರ ಹಳೇ ಜೋಕು. ಅಕ್ಕಂಗೆ ಹೇಳಿದೆ, ನಗ್ಲಿಲ್ಲ, ಸುರಂಗದ ಉದ್ದ ಸೇತುವೆಗೆ ಸಾಲುತ್ತಾ ಅಂತ ಮ್ಯಾಪ್ ತೆಗೆದು ಅಳೆಯೋಕೆ ಶುರು ಮಾಡಿದ್ಳು.

1945ರ ಜನವರಿಯಲ್ಲಿ ಹಿಂದೆ ಸರೀತಿದ್ದ ಜರ್ಮನ್ ಸೈನ್ಯ ಈ ಸೇತುವೆನ ಸ್ಫೋಟಿಸಿತು. ಯುದ್ಧ ಮುಗಿಯೋ ಹೊತ್ತಿಗೆ ಊರಲ್ಲಿ ಒಂದೂ ಸೇತುವೆ ಉಳಿದಿರ್ಲಿಲ್ಲ. ಚೈನ್ ಬ್ರಿಡ್ಜ್‌ನ ಮತ್ತೆ ಕಟ್ಟಿ 1949ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ ತೆರೆದ್ರು. ಎಲಿಜಬೆತ್ ಬ್ರಿಡ್ಜ್ ಮಾತ್ರ ಹಳೇ ರೂಪಕ್ಕೆ ಬರ್ಲಿಲ್ಲ, ಈಗಿರೋ ಬಿಳೀದು 1964ರದ್ದು.

ಪಾರ್ಲಿಮೆಂಟಿನಿಂದ ದಡದಲ್ಲೇ ದಕ್ಷಿಣಕ್ಕೆ ನಡೀತಾ ಇದ್ರೆ ಕಲ್ಲಿನ ಅಂಚಲ್ಲಿ ಚಪ್ಪಲಿ ಶೂಗಳು ಬಿಟ್ಟಿರೋದು ಕಾಣುತ್ತೆ. ಕಬ್ಬಿಣದ್ದು, 60 ಜೊತೆ, 2005ರಲ್ಲಿ ಇಟ್ಟಿದ್ದು. 1944-45ರ ಚಳಿಗಾಲದಲ್ಲಿ ಆರೋ ಕ್ರಾಸ್ ಅನ್ನೋ ಅಲ್ಲಿನ ಫ್ಯಾಸಿಸ್ಟರು ಯಹೂದಿಗಳನ್ನ ಇಲ್ಲಿ ಸಾಲಾಗಿ ನಿಲ್ಲಿಸಿ, ಶೂ ಬಿಚ್ಚಿಸಿ, ಗುಂಡು ಹೊಡೆದು ನದಿಗೆ ಬೀಳಿಸ್ತಿದ್ರು. ಶೂಗೆ ಬೆಲೆ ಇತ್ತು. ಮಕ್ಕಳ ಅಳತೆದೂ ಇವೆ ಅದರಲ್ಲಿ. ಅಕ್ಕ ಫೋನ್ ಹೊರಗೇ ತೆಗೀಲಿಲ್ಲ. ಅಲ್ಲಿಂದ ಮುಂದೆ ಒಂದಷ್ಟು ದೂರ ನಾವಿಬ್ರೂ ಮಾತೇ ಆಡ್ಲಿಲ್ಲ.

ಟಿಕೆಟ್ ಕಥೆ ಒಂದು ಹೇಳ್ಬೇಕು. ಆ ಊರಿನ ಹಳದಿ ಮೆಟ್ರೋ 1896ರದ್ದು, ಯುರೋಪಿನ ಮುಖ್ಯ ಭೂಭಾಗದಲ್ಲಿ ಮೊದಲನೇ ಭೂಗತ ರೈಲು, ಹತ್ತಿಪ್ಪತ್ತು ಮೆಟ್ಲು ಇಳಿದ್ರೆ ಸ್ಟೇಷನ್, ಬಿಳಿ ಟೈಲ್ಸು, ಆಟಿಕೆ ಥರ ಗಾಡಿ. ಆ ಖುಷಿಯಲ್ಲಿ ಟಿಕೆಟ್ ತಗೊಂಡಿದ್ವಿ ಆದ್ರೆ ಮಷೀನಿಗೆ ಕೊಟ್ಟು ಪಂಚ್ ಮಾಡಿಸೋದು ಮರೆತ್ವಿ. ಇಳಿಯುವಾಗ ಚೆಕ್ಕಿಂಗಿನೋರು ನಿಂತಿದ್ರು. ಟಿಕೆಟ್ ಕೈಯಲ್ಲೇ ಇದೆಯಲ್ಲಾ ಸ್ವಾಮಿ ಅಂದ್ರೂ ಕೇಳ್ಲಿಲ್ಲ, ಅಲ್ಲಿನ ದುಡ್ಡು ಫೋರಿಂಟ್‌ನಲ್ಲಿ ಎಲ್ಲಾ ಲೆಕ್ಕನೂ ಸಾವಿರಗಳಲ್ಲೇ ಇರೋದ್ರಿಂದ ದಂಡದ ನಂಬರ್ ನೋಡಿ ಎದೆ ಒಡೀತು. ನಮ್ದೇ ತಪ್ಪು, ಸರಿ, ಆದ್ರೂ ಹೊಟ್ಟೆ ಉರಿ ಇನ್ನೂ ಹೋಗಿಲ್ಲ. ಪಾಸ್ ತಗೊಂಡುಬಿಡಿ. ಪಾಸ್ ಇದ್ರೆ 2ನೇ ನಂಬರ್ ಟ್ರಾಮ್ ಹತ್ತಿ, ಪೆಷ್ಟ್ ದಡದುದ್ದಕ್ಕೂ ಹೋಗುತ್ತೆ, ಕತ್ತಲಾದ್ಮೇಲೆ ದೀಪ ಹತ್ತಿರುವಾಗ ಆ ಕಡೆಯಿಂದ ಈ ಕಡೆ ಎರಡು ಸಲ ಹೋಗಿ ಬನ್ನಿ, ಬೋಟಿಗೆ ದುಡ್ಡು ಸುರಿಯೋದು ಬೇಡ.

ಊಟ ಅಂದ್ರೆ ನಮಗೆ ಸಿಕ್ಕಿದ್ದು ಲಾಂಗೋಶ್. 1897ರ ದೊಡ್ಡ ಮಾರ್ಕೆಟ್ಟಿನ ಮಹಡಿ ಮೇಲೆ ತಿಂದಿದ್ದು, ಎಣ್ಣೆಯಲ್ಲಿ ಕರಿದ ಹಿಟ್ಟು, ಮೇಲೆ ಬೆಳ್ಳುಳ್ಳಿ, ಹುಳಿ ಕೆನೆ, ತುರಿದ ಚೀಸು. ಒಂದು ತಗೊಂಡು ಇಬ್ರು ತಿನ್ನಿ, ಹೊಟ್ಟೆ ಕಲ್ಲಾಗುತ್ತೆ.

ಕೊನೇ ಸಂಜೆ ಪೆಷ್ಟ್‌ನಲ್ಲಿ ಊಟ ಮುಗಿಸಿ ಚೈನ್ ಬ್ರಿಡ್ಜ್ ಮೇಲೆ ನಡ್ಕೊಂಡು ರೂಮಿಗೆ ಬರ್ತಾ ಇದ್ವಿ, ಸೇತುವೆ ತುದೀಲಿ ಕೂತಿರೋ ಕಲ್ಲಿನ ಸಿಂಹಕ್ಕೆ ನಾಲಿಗೆ ಇದೆಯೋ ಇಲ್ವೋ ಅಂತ ಅಕ್ಕ ಕೆಳಗೆ ನಿಂತು ಕತ್ತು ಉದ್ದ ಮಾಡಿ ನೋಡಿದ್ದಾಯ್ತು (ಇದೆ, ಕೆಳಗಿಂದ ಕಾಣಲ್ಲ), ಸರಿಯಾಗಿ ನಡುಮಧ್ಯಕ್ಕೆ ಬಂದಾಗ ಧೋ ಅಂತ ಮಳೆ. ಛತ್ರಿ ರೂಮಲ್ಲಿ. ಹಿಂದೆ ಹೋದ್ರೂ ಅಷ್ಟೇ ದೂರ, ಮುಂದೆ ಹೋದ್ರೂ ಅಷ್ಟೇ ದೂರ. ನಾನು ಓಡೋಣ ಬಾರೇ ಅಕ್ಕ ಅಂತ ಕೈ ಎಳೀತಿದ್ರೆ ಅವಳು ಬ್ಯಾಗ್ ತಲೆ ಮೇಲಿಟ್ಕೊಂಡು ನಿಂತಲ್ಲೇ ನಿಂತಿದ್ದಾಳೆ. "ಇರೇ, ಯಾಕೆ ಓಡ್ತೀಯಾ, ಇನ್ನೇನು ಒಳಗೆ ಎಳ್ಕೋತಾರೆ."