ಉಂಚಳ್ಳಿಯಲ್ಲಿ ಮತ್ತೆ ಬಿದ್ದೆ

ಜುಲೈ 12, 2025, ಶನಿವಾರ
ಶಿರಸಿ

ಬೆಳಿಗ್ಗೆಯಿಂದ ಒಂದೇ ಸಮ ಮಳೆ. ಕರೆಂಟು ಹೋಗಿ ಮೂರು ತಾಸಾಯಿತು. ಬಟ್ಟೆ ಒಗೆಯಲು ಹಾಕುವಾಗ ನನ್ನ ಪ್ಯಾಂಟಿನ ಕಿಸೆಯಲ್ಲಿ ಆಯಿಗೆ ಒಂದು ಹಿತ್ತಾಳೆ ಬಣ್ಣದ ಬಿಲ್ಲೆ ಸಿಕ್ಕಿತು.

"ಇದು ನಮ್ಮ ದುಡ್ಡಲ್ಲಿ ಎಷ್ಟಾಗ್ತು?"

"ಇಪ್ಪತ್ತು ರೂಪಾಯಿ" ಎಂದೆ. ಸುಳ್ಳೇನಲ್ಲ. ಅದು ಬಾರೊಂದರ ವಿಡಿಯೋ ಗೇಮ್ ಟೋಕನ್, ಬೇರೆಲ್ಲೂ ನಡೆಯುವುದಿಲ್ಲ ಎಂದು ಮಾತ್ರ ಹೇಳಲಿಲ್ಲ. ಬಾರ್ ಎಂದರೆ ಮುಂದಿನ ಪ್ರಶ್ನೆಗಳು ಬರುತ್ತವೆ.

ಎರಡು ವಾರದ ಹಿಂದಿನ ಮಾತು. ಆಫೀಸಿನ ಕೆಲಸಕ್ಕೆ ನ್ಯೂಜೆರ್ಸಿಗೆ ಹೋಗಿದ್ದೆ. ಅಲ್ಲಿ ಕುಮಟಾ ಮತ್ತು ಹೊನ್ನಾವರ ಇದ್ದಾರೆ. ಊರಲ್ಲ, ಗೆಳೆಯರು. ಕಾಲೇಜಿನಲ್ಲಿ ಎಲ್ಲರನ್ನೂ ಊರ ಹೆಸರಿನಿಂದಲೇ ಕರೆಯುತ್ತಿದ್ದೆವು, ಅದೇ ಉಳಿದಿದೆ. ಕುಮಟೆಯವನು ಅದಕ್ಕೂ ಮೊದಲೇ ಗೊತ್ತು. ಅವನ ಮಾವನ ಮನೆ ನಮ್ಮ ಪಕ್ಕದ್ದು. ಪ್ರತಿ ಬೇಸಿಗೆ ರಜೆಯಲ್ಲಿ ಬಂದು ನಮ್ಮ ಟಿವಿಯ ಮುಂದೆ ಬೀಡುಬಿಡುತ್ತಿದ್ದ.

ಮೂವರೂ ಸೇರಿ ಆ ಬಾರಿಗೆ ಹೋದರೆ ಬಾಗಿಲಲ್ಲೇ ತಡೆದರು. ಇಪ್ಪತ್ತೊಂದು ತುಂಬಿದೆಯೋ ಇಲ್ಲವೋ ನೋಡಬೇಕಂತೆ. ಗಡ್ಡದಲ್ಲಿ ಅರ್ಧ ಬಿಳಿ ಇದೆ ಮಾರಾಯ! ನನ್ನ ಕೆಎ-31 ಲೈಸೆನ್ಸನ್ನು ಆ ಮನುಷ್ಯ ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟ. ಪಾಸ್‌ಪೋರ್ಟಿಗೆ ರೂಮಿನವರೆಗೆ ಹೋಗಿಬಂದೆ.

ಒಳಗೆ ಎಲ್ಲ ಯಂತ್ರಗಳ ಸದ್ದು ಸೇರಿ, ಮಾರಿಕಾಂಬಾ ಜಾತ್ರೆಯಲ್ಲಿ ತೊಟ್ಟಿಲು ತಿರುಗುವ ಮೂಲೆಯ ಹಾಗೆ. ಗೋಡೆಯುದ್ದಕ್ಕೂ ಬೀರುವಿನಷ್ಟು ಎತ್ತರದ ಹಳೇ ಗೇಮುಗಳು. ಇಂಥ ಬಾರುಗಳಲ್ಲಿ ಹೆಸರುವಾಸಿಯಾದ ಬಾರ್ಕೇಡ್ 2004ರಲ್ಲಿ ಬ್ರೂಕ್ಲಿನ್‌ನಲ್ಲಿ ಶುರುವಾಯಿತಂತೆ. ಟೋಕನ್ನಿಗೆ 25 ಸೆಂಟ್. ಬಿಯರು ಅದಕ್ಕಿಂತ ಎಷ್ಟೋ ಪಟ್ಟು, ಆ ಲೆಕ್ಕ ಬೇಡ.

ಹೊನ್ನಾವರದವಳು ಪ್ಯಾಕ್‌ಮ್ಯಾನ್ ಹಿಡಿದವಳು ಬಿಡಲೇ ಇಲ್ಲ. 1980ರ ಗೇಮು. ನಾಲ್ಕು ದೆವ್ವಗಳೂ ಸುಮ್ನೆ ಅಟ್ಟಿಸಿಕೊಂಡು ಬರುತ್ತವೆ ಎಂದುಕೊಂಡಿದ್ದೆ. ಅಲ್ಲವಂತೆ, ಒಂದೊಂದಕ್ಕೆ ಒಂದೊಂದು ಸ್ವಭಾವ. ಕೆಂಪಿನದು ಬೆನ್ನು ಬಿಡುವುದಿಲ್ಲ. ಗುಲಾಬಿಯದು ನಾವು ಹೋಗುವ ದಾರಿಗೆ ಮುಂದೆಯೇ ಹೋಗಿ ಅಡ್ಡ ಹಾಕುತ್ತದೆ. ಕಿತ್ತಳೆಯದು ಹತ್ತಿರದವರೆಗೆ ಬಂದು ತಿರುಗಿ ಓಡುತ್ತದೆ. "ನನ್ನ ನೋಡಲು ಬಂದ ಮೊದಲ ಗಂಡಿನ ಹಾಗೆ" ಎಂದಳು. ಜ್ಯೂಸು ನೆತ್ತಿಗೆ ಹತ್ತಿತು ನನಗೆ.

ಅಷ್ಟರಲ್ಲಿ ಮೂಲೆಯಿಂದ ಕುಮಟೆಯವನ ಕೂಗು. ಕಾಂಟ್ರಾ!

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮನೆಯಲ್ಲಿ ಇದ್ದದ್ದು ಟಿವಿಗೆ ಸಿಕ್ಕಿಸುವ ಅಗ್ಗದ ಗೇಮು. '9999 ಇನ್ 1' ಎಂದು ಬರೆದ ಹಳದಿ ಕ್ಯಾಸೆಟ್ಟು. ಹತ್ತಿಪ್ಪತ್ತು ಗೇಮುಗಳೇ ತಿರುಗಿ ತಿರುಗಿ ಬರುತ್ತಿದ್ದವು, ಅದು ಬೇರೆ. ಅದರಲ್ಲೊಂದು ಕಾಂಟ್ರಾ, ಇಬ್ಬರು ಸೇರಿ ಗುಂಡು ಹಾರಿಸುತ್ತಾ ನುಗ್ಗುವ ಗೇಮು. ಅದರಲ್ಲಿ ಮೂರೇ ಲೈಫು. ಆದರೆ ಶುರುವಿಗೆ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಒತ್ತಿದರೆ ಮೂವತ್ತು. ಸಂಧ್ಯಾವಂದನೆಗಿಂತ ಮೊದಲು ನನಗೆ ಬಾಯಿಪಾಠ ಆದದ್ದು ಇದು. ಮೂರನೇ ಸ್ಟೇಜಿನಲ್ಲಿ ಜಲಪಾತ ಹತ್ತಬೇಕು. ಅದಕ್ಕೆ ನಾವಿಟ್ಟದ್ದು ನಮ್ಮ ಕಡೆಯ ಜಲಪಾತದ ಹೆಸರು, ಉಂಚಳ್ಳಿ. ಒಬ್ಬ ಮೇಲೆ ಹಾರಿದರೆ ಪರದೆಯೂ ಮೇಲೆ ಸರಿಯುತ್ತದೆ, ಹಿಂದೆ ಉಳಿದವನು ಕೆಳಗೆ ಬಿದ್ದು ಸಾಯುತ್ತಾನೆ. ಕುಮಟೆಯವನು ಯಾವತ್ತೂ ಕಾಯಲಿಲ್ಲ. ಉಂಚಳ್ಳಿಯಲ್ಲಿ 116 ಮೀಟರ್ ಬಿದ್ದು ಕುಮಟೆಯ ಕಡೆಗೆ ಹರಿಯುವುದು ಅಘನಾಶಿನಿ ಹೊಳೆ. ನಮ್ಮ ಗೇಮಿನಲ್ಲಿ ಬೀಳುತ್ತಿದ್ದದ್ದು ಯಾವಾಗಲೂ ಶಿರಸಿಯವನು.

ಟೋಕನ್ ಹಾಕಿ ಇಬ್ಬರೂ ಒಟ್ಟಿಗೆ ಮಂತ್ರ ಒತ್ತಿದೆವು. ಎದೆಯುಬ್ಬಿಸಿ ಮುಂದೆ ನುಗ್ಗಿದೆವು. ಒಂದೇ ನಿಮಿಷಕ್ಕೆ ಇಬ್ಬರೂ ಖಲಾಸ್.

ಹೊನ್ನಾವರದವಳು ಹಿಂದೆ ನಿಂತು ನಗುತ್ತಿದ್ದಳು. ಆ ಮಂತ್ರ ಮನೆಯ ಗೇಮಿಗೆ ಮಾತ್ರವಂತೆ. 1986ರಲ್ಲಿ ಕೊನಾಮಿ ಎಂಬ ಜಪಾನಿನ ಗೇಮ್ ಕಂಪನಿಯ ಕಜುಹಿಸಾ ಹಶಿಮೊಟೊ ಗ್ರಾಡಿಯಸ್ ಎಂಬ ಗೇಮನ್ನು ಮನೆಯ ಯಂತ್ರಕ್ಕೆ ಇಳಿಸುತ್ತಿದ್ದರು. ಪರೀಕ್ಷೆ ಮಾಡಲು ಆಡಿದರೆ ಅವರಿಗೇ ಕಷ್ಟ. ಅದಕ್ಕೆ ತಮ್ಮ ಅನುಕೂಲಕ್ಕೊಂದು ಕಳ್ಳದಾರಿ ಮಾಡಿಕೊಂಡರು. ಅದು ಒಳಗೇ ಉಳಿಯಿತು, ಆಮೇಲೆ ಕಾಂಟ್ರಾಕ್ಕೂ ಬಂತು. 1987ರ ಈ ದೊಡ್ಡ ಯಂತ್ರಕ್ಕೆ ಅದರ ಗಂಧವೇ ಇಲ್ಲ. ಅಂದರೆ ನಾವು ನಿಜವಾದ ಕಾಂಟ್ರಾ ಆಡಿಯೇ ಇರಲಿಲ್ಲ, ಅಲ್ವಾ?

ಹಟಕ್ಕೆ ಬಿದ್ದೆವು. ಟೋಕನ್ ಹಾಕುತ್ತಾ ಹೋದೆವು. ಹೆಬ್ಬೆರಳು ನೋವು ಬಂತು. ಹನ್ನೊಂದೂವರೆಗೆ ಅಂತೂ ಉಂಚಳ್ಳಿ ತಲುಪಿದೆವು. "ಭಾವ, ಈ ಸಲ ಕಾಯಿ" ಎಂದೆ. "ಹೂಂ" ಎಂದ. ಎಂದವನೇ ಎರಡು ಮೆಟ್ಟಿಲು ಒಟ್ಟಿಗೆ ಹಾರಿದ. ನಾನು ಕೆಳಗೆ.

ಇಪ್ಪತ್ತೈದು ವರ್ಷ! ಹೆಂಡತಿ, ಎರಡು ಮಕ್ಕಳು, ಮನೆ ಸಾಲ ಎಲ್ಲ ಆಗಿದೆ ಅವನಿಗೆ. ಆ ಬುದ್ಧಿ ಮಾತ್ರ ಹಾಗೇ ಇದೆ. ನಕ್ಕು ನಕ್ಕು ಯಂತ್ರಕ್ಕೇ ಒರಗಿದೆವು. ಉಳಿದ ಒಂದು ಟೋಕನ್ ಯಾವಾಗ ಕಿಸೆಗೆ ಹೋಯಿತೋ ಗೊತ್ತಿಲ್ಲ.

ಈಗ ಕರೆಂಟು ಬಂತು. ದೇವರ ಮುಂದೆ ಆ ಬಿಲ್ಲೆ ಕಾಣಿಸಿತು, ಕುಂಕುಮ ಹಚ್ಚಿಸಿಕೊಂಡು ಕೂತಿದೆ. ಅಮೆರಿಕದ ದುಡ್ಡು ಎಂದು ಆಯಿ ಇಟ್ಟಿದ್ದಾಳೆ. ಫೋಟೋ ತೆಗೆದು ಕುಮಟೆಗೆ ಕಳಿಸಿದೆ.

"ಈಗ ಮೂವತ್ತು ಲೈಫು ಸಿಗ್ತು ನೋಡು" ಎಂದು ಬರೆದಿದ್ದಾನೆ.