ಬೆಳಿಗ್ಗೆ ರಾಮನಗರದ ಬಂಡೆ, ಮಧ್ಯಾಹ್ನ ಅಲ್ಜಿನೇಟ್

ಶೂಟಿಂಗ್ ನಡೆದ ಜಾಗ, ಸ್ಪೆಷಲ್ ಎಫೆಕ್ಟ್ಸ್ ವರ್ಕ್‌ಶಾಪ್ ಎರಡನ್ನೂ ಒಂದೇ ದಿನದಲ್ಲಿ ನೋಡುವುದಾದರೆ ರಾಮನಗರವನ್ನು ಬೆಳಿಗ್ಗೆಗೇ ಇಟ್ಟುಕೊಳ್ಳಿ. ಬೆಂಗಳೂರಿನಿಂದ ಸುಮಾರು 50 ಕಿ.ಮೀ. ಬಿಸಿಲೇರಿದ ಮೇಲೆ ಬಂಡೆ ಕಾದು ನಿಲ್ಲಲಾಗುವುದಿಲ್ಲ. 1975ರಲ್ಲಿ ತೆರೆಕಂಡ ‘ಶೋಲೆ’ಗಾಗಿ ಕಟ್ಟಿದ್ದ ಹಳ್ಳಿಯ ಸೆಟ್ ಈಗಿಲ್ಲ. ಮನೆ, ಬೀದಿ ಹುಡುಕಿ ಅಲೆಯಬೇಡಿ, ಬಂಡೆ ಹುಡುಕಿ. ಅವು ಕದಲಿಲ್ಲ.

ಕ್ಯಾಮೆರಾ ನಿಂತಿದ್ದ ಜಾಗ ಹುಡುಕಲು ಸಿನಿಮಾದ ಒಂದು ಫ್ರೇಮನ್ನು ಫೋನಿನಲ್ಲಿ ಇಟ್ಟುಕೊಂಡು, ಹತ್ತಿರದ ಒಂದು ಬಂಡೆಯ ಅಂಚು ಹಿಂದಿನ ಬೆಟ್ಟದ ಯಾವ ಭಾಗಕ್ಕೆ ತಾಗಿದಂತೆ ಕಾಣುತ್ತದೆ ಎಂದು ಗುರುತಿಸಿಕೊಳ್ಳಿ. ನಿಮ್ಮ ಕಣ್ಣಿಗೆ ಆ ಬಂಡೆ ಫ್ರೇಮಿನಲ್ಲಿರುವುದಕ್ಕಿಂತ ಬಲಕ್ಕೆ ಕಂಡರೆ ನೀವೂ ಬಲಕ್ಕೆ ಸರಿಯಬೇಕು, ಎಡಕ್ಕೆ ಕಂಡರೆ ಎಡಕ್ಕೆ. ಝೂಮ್ ಮಾಡಿದರೆ ಇದು ಸರಿಹೋಗುವುದಿಲ್ಲ. ಕ್ಯಾಮೆರಾ ಇದ್ದ ಜಾಗ ಕಾಲಿಗೇ ಸಿಗಬೇಕು. ಶೂಟಿಂಗ್ ನಡೆದ ರಾಮದೇವರ ಬೆಟ್ಟ ರಣಹದ್ದುಗಳ ಧಾಮ, ಬಂಡೆಗಳ ಚಾಚಿನಲ್ಲೇ ಅವುಗಳ ಗೂಡು. ಡ್ರೋನ್, ಕೂಗಾಟ ದಯವಿಟ್ಟು ಬೇಡ.

ಊಟ ಮುಗಿಸಿ ವರ್ಕ್‌ಶಾಪಿಗೆ. ಇಲ್ಲಿ ಗಮನಿಸಬೇಕಾದ್ದು ಒಂದೇ: ಹೊರದೇಶದ ವಿಡಿಯೋ ನೋಡಿ ಬರೆದುಕೊಂಡ ಅಳತೆ ಬೆಂಗಳೂರಿನಲ್ಲಿ ಹಾಗೇ ನಡೆಯುವುದಿಲ್ಲ.

ನಟರ ಮುಖದ ಅಚ್ಚನ್ನೇ ತೆಗೆದುಕೊಳ್ಳಿ. ಹುಬ್ಬು, ರೆಪ್ಪೆಗೆ ವ್ಯಾಸಲೀನ್ ಸವರಿ, ತಲೆಗೆ ಕೂದಲು ಮುಚ್ಚುವ ಬಾಲ್ಡ್ ಕ್ಯಾಪ್ ಹಾಕಿ, ಅಲ್ಜಿನೇಟನ್ನು (ನೀರು ಬೆರೆಸಿದರೆ ರಬ್ಬರಿನಂತೆ ಗಟ್ಟಿಯಾಗುವ ಅಚ್ಚಿನ ಪುಡಿ) ಕಲಸಿ ಸುಮಾರು ಒಂದು ಸೆಂ.ಮೀ. ದಪ್ಪಕ್ಕೆ ಹಚ್ಚುತ್ತಾರೆ. ಮೂಗಿನ ಹೊಳ್ಳೆ ಕಾಯುವುದಕ್ಕೇ ಒಬ್ಬರು ಬೇಕು, ಅವರಿಗೆ ಬೇರೆ ಕೆಲಸ ಕೊಡಬಾರದು. ಅಲ್ಜಿನೇಟ್ ಗಟ್ಟಿಯಾಗುವುದು ಕ್ಯಾಲ್ಸಿಯಂನಿಂದ, ಬಿಸಿ ಹೆಚ್ಚಿದಷ್ಟೂ ಬೇಗ. ನಮ್ಮ ಬೋರ್‌ವೆಲ್ ನೀರು ಗಡಸು. ಏಪ್ರಿಲ್ ಮಧ್ಯಾಹ್ನ ತಾರಸಿಯ ಸಿಂಟೆಕ್ಸ್‌ನಿಂದ ಇಳಿದರಂತೂ ಬಿಸಿಯೂ ಹೌದು. ಹಣೆಗೆ ಹಚ್ಚಿ ಗಲ್ಲಕ್ಕೆ ಬರುವಷ್ಟರಲ್ಲಿ ಬಕೆಟ್ಟಿನಲ್ಲೇ ಗಂಟುಗಂಟಾಗುತ್ತದೆ. ಫಿಲ್ಟರ್ ನೀರನ್ನು 20 ಡಿಗ್ರಿ ಆಸುಪಾಸಿಗೆ ತಣಿಸಿಟ್ಟುಕೊಂಡರೆ ಕೈ ಓಡಿಸಲು ಸಮಯ ಸಿಗುತ್ತದೆ. ಮೇಲೆ ಪ್ಲಾಸ್ಟರ್ ಬ್ಯಾಂಡೇಜ್ ಮೂರ್ನಾಲ್ಕು ಪದರ, ಅಂಚಿನಲ್ಲಿ ಇನ್ನೊಂದು. ಬಿಡಿಸುವಾಗ ಕೂತವರು ಮುಂದಕ್ಕೆ ಬಾಗಿ ಮುಖ ಕಿವುಚಿದರೆ ಅಚ್ಚು ತಾನಾಗಿ ಜಾರುತ್ತದೆ. ಒಳಗೆ ತಕ್ಷಣ ಪ್ಲಾಸ್ಟರ್ ಸುರಿಯಬೇಕು. ಕಾಫಿ ಕುಡಿದು ಬರೋಣವೆಂದರೆ ಅಲ್ಜಿನೇಟಿನ ನೀರು ಆರಿ ಅಚ್ಚು ಕುಗ್ಗುತ್ತದೆ. ಬರೀ ಪ್ಲಾಸ್ಟರನ್ನೇ ನೇರ ಮುಖಕ್ಕೆ ಸುರಿಯುವವರಿದ್ದಾರೆ. ಅದು ಗಟ್ಟಿಯಾಗುವಾಗ ಚರ್ಮ ಸುಡುವಷ್ಟು ಕಾಯುತ್ತದೆ, ಯಾರೇ ಹೇಳಿದರೂ ಒಪ್ಪಬೇಡಿ.

ಶೂಟಿಂಗಿನಲ್ಲಿ ನಿಜವಾದ ಗಾಜಿನ ಬದಲು ಒಡೆಯುವ ಸಕ್ಕರೆ ಗಾಜಿಗೆ 500 ಗ್ರಾಂ ಸಕ್ಕರೆ, 200 ಗ್ರಾಂ ಲಿಕ್ವಿಡ್ ಗ್ಲೂಕೋಸ್, 250 ಮಿ.ಲೀ. ನೀರು. ಗ್ಲೂಕೋಸ್ ಇಲ್ಲದಿದ್ದರೆ ಸಕ್ಕರೆ ಮತ್ತೆ ಹರಳುಗಟ್ಟಿ ಗಾಜು ಮಸುಕಾಗುತ್ತದೆ. ಪಾಕವನ್ನು 150 ಡಿಗ್ರಿವರೆಗೆ ಕಾಯಿಸಿ ಎಂದು ಪುಸ್ತಕದಲ್ಲಿರುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97ರ ಸುಮಾರಿಗೆ, ಹಾಗಾಗಿ 147ಕ್ಕೇ ಇಳಿಸಿ. ಇನ್ನೂ ಬಿಟ್ಟರೆ ಹಳದಿ ತಿರುಗುತ್ತದೆ. ಮಳೆಗಾಲದಲ್ಲಿ ಅದು ತೇವ ಹೀರಿ ಕೈಗೆ ಅಂಟುತ್ತದೆ, ಎರೆದ ದಿನವೇ ಒಡೆದು ಮುಗಿಸಬೇಕು.

ಕೊನೆಗೆ ಸಿಲಿಕೋನ್, ಅಚ್ಚಿಗೂ ನಕಲಿ ಚರ್ಮಕ್ಕೂ ಬಳಸುವ ರಬ್ಬರಿನಂಥ ವಸ್ತು. ಪ್ಲಾಟಿನಂ ಸಿಲಿಕೋನಿಗೆ (ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಬಗೆ) ಗಂಧಕ ಆಗಿಬರುವುದಿಲ್ಲ, ತಾಗಿದ ಕಡೆ ಗಟ್ಟಿಯಾಗದೆ ಜಿಗುಟಾಗಿಯೇ ಉಳಿಯುತ್ತದೆ. ಲ್ಯಾಟೆಕ್ಸ್ ಗ್ಲೌಸ್‌ನಲ್ಲಿ ಗಂಧಕವಿದೆ, ಶಿಲ್ಪಕ್ಕೆ ಬಳಸುವ ಕೆಲವು ಎಣ್ಣೆಜೇಡಿಯಲ್ಲೂ ಇದೆ. ಅಚ್ಚು ಮುಟ್ಟಿ ನೋಡಬೇಕೆನಿಸಿದರೆ ಮೊದಲು ವಿನೈಲ್ ಗ್ಲೌಸ್ ಕೇಳಿ ಹಾಕಿಕೊಳ್ಳಿ.