ಲಾಟರಿಗೆ ಇಟ್ಟಿದ್ದು ಯಾರ ಜಮೀನು?

"ಲಾಟರಿಗೆ ಇಟ್ಟಿದ್ದು ಯಾರ ಜಮೀನಂತೆ? ಕೇಳು ಅವರನ್ನ."

ಶನಿವಾರ ನ್ಯಾಶ್‌ವಿಲ್ ಹತ್ತಿರದ ಹರ್ಮಿಟೇಜ್‌ನಲ್ಲಿ ನಮ್ಮತ್ತೆ ಹೀಗಂದರು. ಇವತ್ತು ಗುರುವಾರ, ಆ ಮಾತು ಇನ್ನೂ ನನ್ನ ತಲೆಯಿಂದ ಇಳಿದಿಲ್ಲ.

ಹರ್ಮಿಟೇಜ್ ಅಂದರೆ ಅಮೆರಿಕದ ಏಳನೇ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಮನೆ. 20 ಡಾಲರ್ ನೋಟಿನ ಮೇಲಿರುವ ಕೆದರುಗೂದಲಿನ ಮನುಷ್ಯ. ನಮ್ಮ ಗುಂಪಿನಲ್ಲಿ ಜಾರ್ಜಿಯಾ ಕಡೆಯ ಹಿರಿಯರೊಬ್ಬರಿದ್ದರು. ಒಳ್ಳೆಯ ಮನುಷ್ಯ, ಅತ್ತೆಯ ಮಂಡಿನೋವು ನೋಡಿ ತಾವೇ ಬೆಂಚು ಬಿಟ್ಟುಕೊಟ್ಟರು. ಮಾತಿಗೆ ಸಿಕ್ಕಾಗ, "ನಮ್ಮಂಥ ಸಾಮಾನ್ಯರಿಗೆ ವೋಟು ಬಂದಿದ್ದು ಇವನಿಂದಲೇ, ಜಮೀನೂ ಅಷ್ಟೇ" ಅಂದರು. ಅವರ ಮುತ್ತಜ್ಜನ ಅಜ್ಜನಿಗೋ ಯಾರಿಗೋ 1832ರ ಲಾಟರಿಯಲ್ಲಿ ಜಮೀನು ಬಂದಿತ್ತಂತೆ. ಅದನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಆಗ ಬಂತು ಆ ಪ್ರಶ್ನೆ.

ನಾನು ಕೇಳಿದೆ. "ಸರ್ಕಾರದ್ದು" ಅಂದರು. ಆಮೇಲೆ ಟೋಪಿ ಸರಿ ಮಾಡಿಕೊಂಡು, "ಆಗ ಅಲ್ಲಿ ಚೆರೋಕಿ ಜನ ಇದ್ದರು ಅನ್ಸತ್ತೆ."

ಇದ್ದರು, ಅಲ್ಲಿನ ಮೂಲನಿವಾಸಿಗಳೇ ಅವರು. ಬರೀ ಇದ್ದದ್ದಲ್ಲ. ಅವರಿಗೆ 1827ರಲ್ಲೇ ಬರೆದಿಟ್ಟ ಸಂವಿಧಾನ ಇತ್ತು. 1828ರಿಂದ ತಮ್ಮದೇ ಲಿಪಿಯಲ್ಲಿ ಪತ್ರಿಕೆ ಬರುತ್ತಿತ್ತು. ಅವರು ಆ ನೆಲದಲ್ಲಿ ಉಳುತ್ತಾ ಇರುವಾಗಲೇ ಜಾರ್ಜಿಯಾ ಸರ್ಕಾರ ಅದನ್ನು ಅಳೆದು, ತುಂಡು ಮಾಡಿ, ಚೀಟಿ ಎತ್ತಿ ಬಿಳಿಯರಿಗೆ ಹಂಚಿತು.

ಇನ್ನು ವೋಟಿನ ಮಾತು. ಅದನ್ನು ಜಾಕ್ಸನ್ ಕೊಟ್ಟ ಅನ್ನುವುದು ಜಾಸ್ತಿಯಾಯಿತು. ಆಸ್ತಿ ಇದ್ದವರಿಗೆ ಮಾತ್ರ ವೋಟು ಅನ್ನುವ ಷರತ್ತನ್ನು ಒಂದೊಂದೇ ರಾಜ್ಯ ಅವನಿಗಿಂತ ಮೊದಲೇ ತೆಗೆಯುತ್ತಾ ಬಂದಿತ್ತು. ಅದರ ಲಾಭ ಅವನಿಗೆ ಸಿಕ್ಕಿತು. 1824ರ ಅಧ್ಯಕ್ಷ ಚುನಾವಣೆಯಲ್ಲಿ ಅವನಿಗೆ ಎಲ್ಲರಿಗಿಂತ ಹೆಚ್ಚು ವೋಟು ಬಂದರೂ ಬಹುಮತ ಬರಲಿಲ್ಲ, ಸಂಸತ್ತಿನ ಕೆಳಮನೆ ಜಾನ್ ಕ್ವಿನ್ಸಿ ಆಡಮ್ಸ್‌ನನ್ನು ಆರಿಸಿತು. ಒಳಗೊಳಗೇ ವ್ಯಾಪಾರ ಆಯಿತು, ಜನರ ತೀರ್ಪು ಕದ್ದರು ಅಂತ ಜಾಕ್ಸನ್ ಕಡೆಯವರು ನಾಲ್ಕು ವರ್ಷ ಕೂಗಿದರು. 1828ರಲ್ಲಿ ಹಿಂದಿನದಕ್ಕಿಂತ ಮೂರು ಪಟ್ಟು ಜನ ವೋಟು ಹಾಕಿದರು. ಅವನು ಭರ್ಜರಿಯಾಗಿ ಗೆದ್ದ. ಪ್ರಮಾಣವಚನದ ದಿನ ಶ್ವೇತಭವನಕ್ಕೆ ನುಗ್ಗಿದ ಜನಜಂಗುಳಿಯ ಕಥೆ ಕೇಳಿ ಅತ್ತೆಗೆ ನಗುವೋ ನಗು.

ಅವರಿಗೆ ಚುನಾವಣೆ ಅಂದರೆ ಹಾಗೇ, ಕಿವಿ ನೆಟ್ಟಗಾಗುತ್ತದೆ. ಮೇಷ್ಟ್ರಾಗಿದ್ದಷ್ಟು ಕಾಲ ಮಸ್ಟರಿಂಗ್ ಸೆಂಟರಿನಲ್ಲಿ ಪೆಟ್ಟಿಗೆ ಹೊತ್ತುಕೊಂಡು ಹಳ್ಳಿಹಳ್ಳಿಗೆ ಹೋದವರು. ನಮ್ಮಲ್ಲಿ 1951-52ರ ಮೊದಲ ಚುನಾವಣೆಗೇ ಎಲ್ಲ ವಯಸ್ಕರಿಗೂ ವೋಟಿತ್ತು. ಇಲ್ಲಿ ಕಂತಿನಲ್ಲಿ ಬಂತು. ಕಂತಿನಲ್ಲಿ ಹೋಯಿತು ಕೂಡ. ನ್ಯೂಯಾರ್ಕ್ 1821ರಲ್ಲಿ ಬಿಳಿಯ ಗಂಡಸರಿಗೆ ಆಸ್ತಿಯ ಷರತ್ತು ತೆಗೆದು, ಕಪ್ಪು ಜನರಿಗೆ ಮಾತ್ರ 250 ಡಾಲರ್ ಆಸ್ತಿ ಇರಲೇಬೇಕು ಅಂದಿತು. ಪೆನ್ಸಿಲ್ವೇನಿಯಾ 1838ರಲ್ಲಿ ಕಪ್ಪು ಗಂಡಸರ ವೋಟನ್ನೇ ಕಿತ್ತುಕೊಂಡಿತು.

ಜಾಕ್ಸನ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎರಡು ಕಾಲಂ ಹಾಕುತ್ತಾರೆ. ಜನಸಾಮಾನ್ಯರನ್ನು ರಾಜಕೀಯಕ್ಕೆ ತಂದದ್ದು ಒಂದು ಕಡೆ, ಮೂಲನಿವಾಸಿಗಳನ್ನು ಓಡಿಸಿದ್ದು ಇನ್ನೊಂದು ಕಡೆ. ಎರಡಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ. ಆ ಹಿರಿಯರು ಮಾತ್ರ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಅವರು ಹೇಳಿದ್ದೇ ಹೆಚ್ಚು ಪ್ರಾಮಾಣಿಕ ಅಂತ ನನಗೆ ಈಗ ಅನ್ನಿಸುತ್ತಿದೆ. ಹೊಸದಾಗಿ ವೋಟು ಸಿಕ್ಕವನಿಗೆ ಜಮೀನು ಬೇಕಿತ್ತು. ಕೊಡಿಸುತ್ತೇನೆ ಅಂದವನನ್ನು ಗೆಲ್ಲಿಸಿದ. ಜಮೀನು ಇದ್ದವರಿಗೆ ವೋಟಿರಲಿಲ್ಲ. 1838-39ರಲ್ಲಿ ಚೆರೋಕಿಗಳನ್ನು ಪಶ್ಚಿಮಕ್ಕೆ ಅಟ್ಟಿದಾಗ ಸುಮಾರು 4,000 ಜನ ಸತ್ತರು ಅಂತ ಲೆಕ್ಕ.

ಹಾಗಂತ ಇಡೀ ದೇಶ ತಲೆಯಾಡಿಸಲಿಲ್ಲ. ಮೂಲನಿವಾಸಿಗಳನ್ನು ಪಶ್ಚಿಮಕ್ಕೆ ಕಳಿಸುವ 1830ರ ಕಾಯ್ದೆ ಕೆಳಮನೆಯಲ್ಲಿ ಪಾಸಾದದ್ದು 102ಕ್ಕೆ 97ರಲ್ಲಿ. ವೋಟೇ ಇಲ್ಲದ ಹೆಂಗಸರು ಅದರ ವಿರುದ್ಧ ಸಹಿ ಸಂಗ್ರಹಿಸಿ ಅರ್ಜಿ ಕಳಿಸಿದ್ದರು. ಜಾಕ್ಸನ್‌ನ ಟೆನೆಸಿ ರಾಜ್ಯದವನೇ ಆದ ಸಂಸದ ಡೇವಿ ಕ್ರಾಕೆಟ್ ಕೂಡ ವಿರುದ್ಧ ವೋಟು ಹಾಕಿದ.

ವಾಪಸ್ ಬರುವಾಗ ಕಾರಿನಲ್ಲಿ ಇದನ್ನು ಹೇಳಿದೆ.

"ಆಮೇಲೆ ಅವನು ಗೆದ್ನಾ?" ಅತ್ತೆ ಕೇಳಿದರು.

"1831ರಲ್ಲಿ ಸೋತ. 33ರಲ್ಲಿ ಮತ್ತೆ ಗೆದ್ದ. 35ರಲ್ಲಿ ಮತ್ತೆ ಸೋತ."

"ಎಷ್ಟು ವೋಟಲ್ಲಿ?"

ಕಡಿಮೆ ಅಂತರ ಅಂದೆ. "ಹಂಗಾದ್ರೆ ಮರುಎಣಿಕೆ ಕೇಳಬೇಕಿತ್ತು" ಅಂದರು.